ಕಿರಾಲಬೋಗಿ ಸಸಿಗೆ ಅದರ ಅಣಬೆ ಸೇರಿಸಿದ್ದು: ಮೂರು ಮಳೆಗಾಲದ ನರ್ಸರಿ ದಿನಚರಿ

ಮನೆಯ ಹಿಂದಿನ ಗುಡ್ಡೆಯಲ್ಲಿದ್ದ ಅಕೇಶಿಯ ಕಡಿಸಿದ ಮೇಲೆ ಅಲ್ಲಿ ನಮ್ಮ ಕಾಡಿನ ಮರಗಳನ್ನೇ ಬೆಳೆಸಬೇಕು ಅಂತ ತೀರ್ಮಾನ ಮಾಡಿದೆ. ಒಂದು ಎಕರೆಗೆ ಸ್ವಲ್ಪ ಕಡಿಮೆ ಜಾಗ. ಮುರಕಲ್ಲಿನ ಮೇಲೆ ಒಂದು ಗೇಣು ಕೆಂಪು ಮಣ್ಣು, ಅಷ್ಟೇ. ಕಾರ್ಕಳ ಸುತ್ತಿನ ಗುಡ್ಡೆ ನೋಡಿದವರಿಗೆ ಗೊತ್ತು. ಮಳೆಗಾಲದಲ್ಲಿ ಪಾದ ಮುಳುಗುವಷ್ಟು ನೀರು, ಮಾರ್ಚ್ ಬಂತೆಂದರೆ ಬರಿಗಾಲು ಇಡಲಾಗದಷ್ಟು ಬಿಸಿ.

ಕಿರಾಲಬೋಗಿ ನನಗೆ ಚಿಕ್ಕಂದಿನಿಂದ ಇಷ್ಟದ ಮರ. ಅಜ್ಜನ ಮನೆಯ ತೊಲೆಗಳು ಅದರದ್ದೇ, ಇವತ್ತಿಗೂ ಗೆದ್ದಲು ಮುಟ್ಟಿಲ್ಲ. ದೋಣಿಗೆ, ಸೇತುವೆಗೆ, ರೈಲ್ವೆ ಸ್ಲೀಪರಿಗೆ ಅಂತ ಕಡಿದು ಕಡಿದು, ಈಗ ನಮ್ಮ ಕಡೆ ದೊಡ್ಡ ಮರ ನೋಡಬೇಕಾದರೆ ನಾಗಬನಕ್ಕೇ ಹೋಗಬೇಕು. ಹಾಗಾಗಿ ಮೊದಲು ಇದರ ಸಸಿ ಮಾಡೋಣ ಎಂದುಕೊಂಡೆ.

2022 ಜೂನ್ – ಡಿಸೆಂಬರ್

ಮೊದಲ ಪ್ರಯತ್ನ ಸೋತಿತು. ಹೇಗೆ ಸೋತಿತು ಅನ್ನುವುದನ್ನು ಬರೆದಿಡುತ್ತೇನೆ, ಯಾಕೆಂದರೆ ಮುಂದಿನದ್ದೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ಬೋಗಿಯ ಬೀಜಕ್ಕೆ ಎರಡು ಉದ್ದ ರೆಕ್ಕೆ. ಗಾಳಿಗೆ ತಿರುಗುತ್ತಾ ಬೀಳುತ್ತದೆ. ಬಿದ್ದ ಬೀಜವನ್ನು ಒಣಗಿಸಿ ಡಬ್ಬದಲ್ಲಿ ಇಡುವ ಹಾಗಿಲ್ಲ, ಎರಡು ವಾರದೊಳಗೆ ಸತ್ತು ಹೋಗುತ್ತದೆ. ಹೆಕ್ಕಿದ ಮರುದಿನವೇ ರೆಕ್ಕೆ ಕತ್ತರಿಸಿ 60 ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಹಾಕಿದೆ. ಕೆಂಪು ಮಣ್ಣು, ಹೊಳೆ ಮರಳು, ಹಟ್ಟಿಗೊಬ್ಬರ. 50ಕ್ಕೂ ಜಾಸ್ತಿ ಮೊಳೆತವು. ನಾಲ್ಕು ಎಲೆ ಬಂತು, ಆರು ಎಲೆ ಬಂತು, ಅಲ್ಲಿಗೆ ನಿಂತಿತು. ಸೆಪ್ಟೆಂಬರ್ ಹೊತ್ತಿಗೆ ಎಲೆ ಹಳದಿ ತಿರುಗಿತು. ಕೆಲವದರ ತುದಿಯಲ್ಲಿ ನೇರಳೆ ಛಾಯೆ. ಹಸಿವು ಅಂದುಕೊಂಡು ಸೂಪರ್ ಫಾಸ್ಫೇಟ್ ಹಾಕಿದೆ. ಏನೂ ಆಗಲಿಲ್ಲ. ಅಂಗಡಿಯಿಂದ ‘ಮೈಕೊರೈಜಾ’ ಅಂತ ಬರೆದ ಒಂದು ಪೊಟ್ಟಣ ತಂದು ಬುಡಕ್ಕೆ ಚಮಚ ಚಮಚ ಹಾಕಿದೆ. ಆಗಲೂ ಏನೂ ಆಗಲಿಲ್ಲ. ಡಿಸೆಂಬರ್‌ಗೆ ಉಳಿದದ್ದು 17 ಸಸಿ. ಅವೂ ಬೆರಳುದ್ದ.

ಸತ್ತ ಸಸಿಯೊಂದನ್ನು ಬಿಡಿಸಿ ಬೇರು ತೊಳೆದು ನೋಡಿದೆ. ಆಮೇಲೆ ಮನೆ ಹತ್ತಿರದ ದೊಡ್ಡ ಬೋಗಿಯ ಬುಡದಲ್ಲಿ ತಾನಾಗಿ ಹುಟ್ಟಿದ ಒಂದು ಸಸಿಯನ್ನು ಮಣ್ಣು ಸಮೇತ ಎಬ್ಬಿಸಿ ತೊಳೆದೆ. ಎರಡನ್ನೂ ಒಂದೇ ಬಿಳಿ ತಟ್ಟೆಯಲ್ಲಿ ನೀರು ಹಾಕಿ ಇಟ್ಟೆ. ನನ್ನ ಸಸಿಯ ಬೇರು ನುಣುಪಾದ ಕಂದು ದಾರದ ಹಾಗಿತ್ತು. ಮರದ ಬುಡದ ಸಸಿಯ ಸಣ್ಣ ಬೇರುಗಳ ತುದಿ ಮಾತ್ರ ಮೊಂಡಾಗಿ ಊದಿಕೊಂಡಿತ್ತು, ಬೆಂಕಿಕಡ್ಡಿಯ ತಲೆಯ ಹಾಗೆ, ಆದರೆ ಅದಕ್ಕಿಂತ ತುಂಬಾ ಸಣ್ಣದು. ಅದರ ಮೇಲೆ ಬಿಳಿ ಹತ್ತಿಯ ಹೊದಿಕೆ. ಭೂತಗನ್ನಡಿಯಲ್ಲಿ ನೋಡಿದರೆ ಆ ಹೊದಿಕೆಯಿಂದ ಕೂದಲೆಳೆಗಿಂತ ತೆಳ್ಳಗಿನ ಎಳೆಗಳು ಹೊರಟು ಮಣ್ಣಿನ ಕಾಳುಗಳನ್ನು ಹಿಡಿದುಕೊಂಡಿದ್ದವು. ನನ್ನ ಸಸಿಗಳಲ್ಲಿ ಇಲ್ಲದ್ದು ಇದೇ.

ಯಾವ ಮರಕ್ಕೆ ಯಾವ ಶಿಲೀಂಧ್ರ

ಬೇರು ಮತ್ತು ಶಿಲೀಂಧ್ರ ಕೂಡಿ ಬಾಳುವ ಜೋಡಿಗೆ ಮೈಕೊರೈಜಾ ಎಂಬ ಹೆಸರು ಇಟ್ಟವರು ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್, 1885ರಲ್ಲಿ. ಗ್ರೀಕ್ ಭಾಷೆಯ ಅಣಬೆ ಮತ್ತು ಬೇರು ಎಂಬ ಎರಡು ಮಾತು ಸೇರಿಸಿ ಮಾಡಿದ ಹೆಸರು. ಮರ ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಶಿಲೀಂಧ್ರಕ್ಕೆ ಕೊಡುತ್ತದೆ. ಶಿಲೀಂಧ್ರ ತನ್ನ ಎಳೆಗಳಿಂದ ರಂಜಕ, ಸಾರಜನಕ, ನೀರು ತಂದು ಕೊಡುತ್ತದೆ. ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ಇದು ಸಣ್ಣ ಮಾತಲ್ಲ. ಈ ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಬೇರು ತನ್ನ ಸುತ್ತಲಿನ ರಂಜಕ ಹೀರಿದ ಮೇಲೆ ಆಚೆಯದು ತಾನಾಗಿ ಹರಿದು ಬರುವುದಿಲ್ಲ. ಎಳೆ ಅಲ್ಲಿಗೆ ಹೋಗಿಯೇ ತರಬೇಕು.

ಆದರೆ ಎಲ್ಲ ಮರಕ್ಕೂ ಒಂದೇ ಶಿಲೀಂಧ್ರ ಅಲ್ಲ. ನಾನು ಎಡವಿದ್ದು ಇಲ್ಲೇ. ಭೂಮಿಯ ಮೇಲಿನ ಗಿಡಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜಾತಿಗಳಿಗೆ ಇರುವುದು ಬೇರಿನ ಕೋಶದ ಒಳಗೇ ಹೊಕ್ಕುವ ಬಗೆ. ಕೃಷಿಯವರು ಅದನ್ನು ‘ವ್ಯಾಮ್’ ಅನ್ನುತ್ತಾರೆ. ಅಡಿಕೆ, ಹಲಸು, ಹೆಬ್ಬಲಸು, ಪುನರ್ಪುಳಿ, ಎಲ್ಲ ಈ ಗುಂಪಿನವು. ಬೇರಿನ ತುದಿಗೆ ಹೊರಗಿನಿಂದ ಕವಚ ಕಟ್ಟುವ ಇನ್ನೊಂದು ಬಗೆ ನೂರರಲ್ಲಿ ಸುಮಾರು 2 ಜಾತಿಗಳಲ್ಲಿ ಮಾತ್ರ. ನಮ್ಮ ಘಟ್ಟದಲ್ಲಿ ಧೂಪ, ಹೈಗ, ಕಿರಾಲಬೋಗಿ, ಅಂದರೆ ಧೂಪದ ಬಳಗದವು, ಈ ಎರಡನೇ ಗುಂಪಿಗೆ ಸೇರಿದವು. ಅಂಗಡಿಯ ಪೊಟ್ಟಣದಲ್ಲಿ ಇದ್ದದ್ದು ವ್ಯಾಮ್. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಬರೆದೂ ಇತ್ತು. ನಾನೇ ಓದಿರಲಿಲ್ಲ. ಸಾಲದ್ದಕ್ಕೆ ಸೂಪರ್ ಫಾಸ್ಫೇಟ್ ಬೇರೆ ಸುರಿದಿದ್ದೆ. ರಂಜಕ ಕೈಗೆ ಸುಲಭವಾಗಿ ಸಿಕ್ಕರೆ ಬೇರು ಶಿಲೀಂಧ್ರವನ್ನು ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇದು ನನಗೊಬ್ಬಳಿಗೆ ಆದದ್ದಲ್ಲ. ಪೋರ್ಟೊ ರಿಕೋ ದ್ವೀಪದಲ್ಲಿ 1930ರ ದಶಕದಿಂದ ಪೈನ್ ಬೆಳೆಸಲು ನೋಡಿದರು. ಸಸಿಗಳು ಹುಟ್ಟುತ್ತಿದ್ದವು, ಹಳದಿಯಾಗಿ ಸಾಯುತ್ತಿದ್ದವು. 1955ರಲ್ಲಿ ಅಮೆರಿಕದ ನಾರ್ತ್ ಕೆರೊಲೈನಾದ ಪೈನ್ ಕಾಡಿನ ಮಣ್ಣು ತರಿಸಿ ಬುಡಕ್ಕೆ ಹಾಕಿದ ಮೇಲೆ ಬೆಳೆಯತೊಡಗಿದವು. ಇದನ್ನು ಓದಿದ ದಿನ ನನಗೆ ಧೈರ್ಯ ಬಂತು.

2023 ಜನವರಿ – ಏಪ್ರಿಲ್: ವ್ಯಾಮ್ ಮಡಕೆಗಳು

ಪುನರ್ಪುಳಿ ಮತ್ತು ಹೆಬ್ಬಲಸಿನ ಸಸಿಗಳಿಗೆ ವ್ಯಾಮ್ ಬೇಕು. ಅದನ್ನು ಮನೆಯಲ್ಲೇ ಮಾಡಿದೆ. ಬದುಕಿರುವ ಬೇರಿಲ್ಲದೆ ಇದು ಬೆಳೆಯುವುದಿಲ್ಲ. ಹಾಗಾಗಿ ಬಾಟಲಿಯಲ್ಲಿ ಆಗದು, ಗಿಡದ ಜೊತೆಯೇ ಬೆಳೆಸಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರ ಬಳಗ ದಶಕಗಟ್ಟಲೆ ಇದರ ಮೇಲೆ ಕೆಲಸ ಮಾಡಿದೆ. ರೈತರು ಮಾಡುವ ಮಡಕೆ ವಿಧಾನ ಈಗ ಎಲ್ಲರಿಗೂ ಗೊತ್ತಿರುವಂಥದ್ದು.

ಒಂದು ಪಾಲು ಮಣ್ಣು, ಒಂದು ಪಾಲು ಮರಳು. ಭತ್ತ ಬೇಯಿಸುವ ಹಂಡೆಯಲ್ಲಿ ಕೆಳಗೆ ನೀರು, ಅದರ ಮೇಲೆ ಅಡಿಕೆ ಸಲಾಕೆಯ ಅಟ್ಟ, ಮೇಲೆ ಗೋಣಿಯಲ್ಲಿ ಮಣ್ಣು. ಒಂದು ಗಂಟೆ ಉಗಿ. ಮರುದಿನ ಮತ್ತೊಮ್ಮೆ. ಮೊದಲ ದಿನದ ಶಾಖಕ್ಕೆ ಸಾಯದೆ ಉಳಿದವು ರಾತ್ರಿಯಲ್ಲಿ ಮೊಳೆತಿರುತ್ತವೆ, ಅವು ಎರಡನೇ ದಿನ ಹೋಗುತ್ತವೆ. ಉಗಿ ಹಾಕಿದ ಮಣ್ಣನ್ನು ಎರಡು ವಾರ ಹರಡಿ ಬಿಟ್ಟೆ. ನಮ್ಮ ಹುಳಿ ಮಣ್ಣು ಕಾದಾಗ ಮ್ಯಾಂಗನೀಸ್ ಜಾಸ್ತಿ ಬಿಡುತ್ತದೆ, ಆತುರಪಟ್ಟು ಬಿತ್ತಿದರೆ ಮೊಳಕೆಗೆ ತೊಂದರೆ.

ಆರು ಮಡಕೆ. ಪ್ರತಿಯೊಂದರ ನಡುವಿಗೆ ಹೆಬ್ಬಲಸಿನ ಬುಡದ ಮಣ್ಣು ಮತ್ತು ಸಣ್ಣ ಬೇರಿನ ಚೂರು ಎರಡು ಹಿಡಿ. ಮೇಲೆ ರಾಗಿ ಮತ್ತು ಜೋಳ. ದಿನಾ ಸ್ವಲ್ಪ ನೀರು, ಗೊಬ್ಬರ ಏನೂ ಇಲ್ಲ. 75 ದಿನ ಆದ ಮೇಲೆ ನೀರು ನಿಲ್ಲಿಸಿದೆ. ಗಿಡ ಒಣಗುತ್ತಾ ಬಂದಾಗ ಶಿಲೀಂಧ್ರ ಜಾಸ್ತಿ ಬೀಜಕಣ ಕಟ್ಟುತ್ತದೆ. 90ನೇ ದಿನ ಗಿಡದ ತಲೆ ಕೊಯ್ದು, ಬೇರನ್ನು ಕತ್ತಿಯಿಂದ ಕೊಚ್ಚಿ ಅದೇ ಮಣ್ಣಿಗೆ ಕಲಸಿದೆ. ಅದೇ ನನ್ನ ಹೆಪ್ಪು.

ಹೆಪ್ಪು ಆಗಿದೆಯೋ ಇಲ್ಲವೋ ನೋಡದೆ ಬಳಸಬಾರದು. ಒಂದು ಹಿಡಿ ಮಣ್ಣನ್ನು ಬಕೆಟಿನ ನೀರಿಗೆ ಹಾಕಿ ಕಲಕಿ, ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು, ಮೇಲಿನ ನೀರನ್ನು ಮೊದಲು ರವೆ ಜರಡಿಯಲ್ಲಿ, ಆಮೇಲೆ ಸ್ಕ್ರೀನ್ ಪ್ರಿಂಟಿಂಗ್ ಬಟ್ಟೆಯಲ್ಲಿ ಸೋಸಿದೆ. ಬಟ್ಟೆಯಲ್ಲಿ ಉಳಿದದ್ದನ್ನು ತಟ್ಟೆಗೆ ತೊಳೆದು ಮಗನ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕಸ, ಮರಳು, ಎಲೆ ಚೂರು. ಅದರ ನಡುವೆ ಜೇನು ಬಣ್ಣದ ಗುಂಡು ಗುಂಡು ಕಣಗಳು, ಒಳಗೆ ಎಣ್ಣೆಯ ಹನಿ ಹೊಳೆಯುತ್ತಿತ್ತು. ಒಂದಕ್ಕೆ ಬಾಲದ ಹಾಗೆ ಎಳೆಯ ತುಂಡು ಅಂಟಿಕೊಂಡಿತ್ತು. ಇವೇ ಬೀಜಕಣ. ಆ ಬಾಲ ಇದ್ದರೆ ಗುರುತು ಗಟ್ಟಿ. ಆರರಲ್ಲಿ ಐದು ಮಡಕೆ ಪಾಸು. ಆರನೆಯದರಲ್ಲಿ ತುಂಬಾ ಹುಡುಕಿದರೂ ಎರಡೇ ಸಿಕ್ಕವು, ಅದನ್ನು ಬಳಸಲಿಲ್ಲ.

2023 ಜೂನ್: ಬೋಗಿ, ಎರಡನೇ ಸಲ

ಆ ವರ್ಷ ಮಳೆ ತಡ. ಕೇರಳಕ್ಕೇ ಜೂನ್ 8ಕ್ಕೆ ಬಂತು. ಗುಡುಗು ಬಂದ ಮೇಲೆ ಪಕ್ಕದ ಮನೆಯ ದೊಡ್ಡಮ್ಮ ಬುಟ್ಟಿ ಹಿಡಿದು ಗುಡ್ಡೆಗೆ ಹೊರಟರು, ಕಲ್ಲಣಬೆ ಹೆಕ್ಕಲು. ನಾನೂ ಜೊತೆಗೆ ಹೋದೆ.

ಕಲ್ಲಣಬೆ ಗೊತ್ತಿಲ್ಲದವರಿಗೆ: ತುಳುವಿನಲ್ಲಿ ಕಲ್ಲಲಾಂಬು. ಗೋಲಿಗಿಂತ ಸ್ವಲ್ಪ ದೊಡ್ಡದು, ಗುಂಡಗೆ, ಮಣ್ಣು ಮೆತ್ತಿಕೊಂಡು ಅರ್ಧ ಹೂತಿರುತ್ತದೆ. ಉಗುರಿನಲ್ಲಿ ಕತ್ತರಿಸಿದರೆ ಒಳಗೆ ಬೆಳ್ಳಗಿರಬೇಕು, ಆಗ ಸಾರಿಗೆ, ಸುಕ್ಕಕ್ಕೆ. ಕಪ್ಪಾದರೆ ಬಿಸಾಡುತ್ತಾರೆ. ಆ ಕಪ್ಪು ಪುಡಿಯೇ ಬೀಜಕಣ, ನನಗೆ ಬೇಕಾದದ್ದೂ ಅದೇ. ಇದು ಧೂಪದ ಬಳಗದ ಮರಗಳ ಬೇರಿನೊಂದಿಗೆ ಬಾಳುವ ಅಣಬೆ. ಜಾರ್ಖಂಡಿನಲ್ಲಿ ಸಾಲ ಮರದ ಬುಡದಲ್ಲಿ ಏಳುವ ರುಗ್ಡಾ ಕೂಡ ಇದರ ಬಳಗದ್ದೇ, ಸಾಲವೂ ಧೂಪದ ಬಳಗದ್ದೇ.

“ಹಾಳಾದ್ದು ಯಾಕೆ ಹೆಕ್ತೀಯಾ ಮಾರಾಯ್ತಿ?” ಅಂದರು ದೊಡ್ಡಮ್ಮ.

“ಬೋಗಿ ಸಸಿಗೆ ಹಾಕ್ಲಿಕ್ಕೆ, ದೊಡ್ಡಮ್ಮ. ಇದರ ಪುಡಿಯಿಂದ ಬೇರಿಗೆ ಅಣಬೆ ಹಿಡೀತದೆ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಮೊದಲು ಆ ಬೋಗಿ ಮರದ ಸುತ್ತ ಒಂದೊಂದು ಸೇರು ಸಿಕ್ತಿತ್ತು. ಮರ ಕಡಿದ ಮೇಲೆ ಅಲ್ಲಿ ಒಂದೂ ಇಲ್ಲ. ನಾವು ಮಳೆ ಕಮ್ಮಿಯಾಯ್ತು ಅಂತ ಅಂದುಕೊಂಡದ್ದು.”

ಮೂರು ಗುಂಪು ಮಾಡಿದೆ, ಪ್ರತಿಯೊಂದರಲ್ಲಿ 30 ತೊಟ್ಟೆ. ಎಲ್ಲಕ್ಕೂ ಉಗಿ ಹಾಕಿದ ಅದೇ ಮಣ್ಣು. ಮೊದಲ ಗುಂಪಿಗೆ ಬೇರೇನೂ ಇಲ್ಲ. ಎರಡನೆಯದಕ್ಕೆ ತಾಯಿಮರದ ಬುಡದ ಮಣ್ಣು, ಹತ್ತಕ್ಕೆ ಒಂದು ಪಾಲು. ನಮ್ಮದೇ ಜಾಗದ ಮರ. ನಾಗಬನದ ಮಣ್ಣು ಮುಟ್ಟಲಿಲ್ಲ, ಮುಟ್ಟಲೂಬಾರದು. ರಕ್ಷಿತಾರಣ್ಯದಿಂದಲೂ ಮಣ್ಣು ತರುವ ಹಾಗಿಲ್ಲ. ಮೇಲಿನ ಒಣ ಎಲೆಯ ದರಗು ಸರಿಸಿ, ಬೆರಳುದ್ದದ ಆಳದಲ್ಲಿ ಸಣ್ಣ ಬೇರು ಇರುವ ಕಡೆ, ನಾಲ್ಕು ದಿಕ್ಕಿನಿಂದ ಸ್ವಲ್ಪ ಸ್ವಲ್ಪ ತೆಗೆದು, ದರಗು ಮತ್ತೆ ಮುಚ್ಚಿದೆ.

ಮೂರನೆಯದಕ್ಕೆ ಕಲ್ಲಣಬೆ ನೀರು. ಒಳಗೆ ಕಪ್ಪಾದ ನಾಲ್ಕು ಕಲ್ಲಣಬೆಯನ್ನು ಹಳೇ ಮಿಕ್ಸಿಯಲ್ಲಿ ತಿರುವಿ 5 ಲೀಟರ್ ಮಳೆನೀರಿಗೆ ಹಾಕಿದೆ. ಪುಡಿ ನೀರಿನ ಮೇಲೇ ತೇಲಿತು, ಎಷ್ಟು ಕಲಕಿದರೂ ಕೂಡಲಿಲ್ಲ. ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಬಿಟ್ಟೆ, ಕೂಡಲೇ ಕಾಫಿಯ ಹಾಗೆ ಕೂಡಿಕೊಂಡಿತು. ಎರಡೆಲೆ ಬಂದ ಸಸಿಯ ಬುಡಕ್ಕೆ 50 ಮಿಲಿಲೀಟರ್, ಹತ್ತು ದಿನಕ್ಕೊಮ್ಮೆ, ಮೂರು ಸಲ. ಪ್ರತಿ ಸಲ ಹೊಸದಾಗಿ ಮಾಡಿದೆ.

2023 ಜುಲೈ

ಅವಘಡ. ನರ್ಸರಿ ಚಪ್ಪರ ಅಡಿಕೆ ತೋಟದ ಅಂಚಿನಲ್ಲಿತ್ತು. ಕೊಳೆರೋಗಕ್ಕೆ ಬೋರ್ಡೊ, ಅಂದರೆ ತಾಮ್ರವಿರುವ ಮೈಲುತುತ್ತು ಮತ್ತು ಸುಣ್ಣದ ದ್ರಾವಣ, ಹೊಡೆಯುವ ದಿನ ಗಾಳಿ ಈ ಕಡೆಗೆ ತಿರುಗಿತು. ಮನೆಗೆ ಬಂದು ನೋಡುವಾಗ ತಾಯಿಮಣ್ಣಿನ ಗುಂಪಿನ 11 ತೊಟ್ಟೆಗಳ ಎಲೆ, ಮಣ್ಣು ಎಲ್ಲ ನೀಲಿ. ತಾಮ್ರ ಶಿಲೀಂಧ್ರವನ್ನು ಕೊಲ್ಲಲೆಂದೇ ಹೊಡೆಯುವುದು, ಅದಕ್ಕೆ ಒಳ್ಳೆಯ ಶಿಲೀಂಧ್ರ ಕೆಟ್ಟ ಶಿಲೀಂಧ್ರ ಅಂತ ಗೊತ್ತಾಗುವುದಿಲ್ಲ. ಆ 11 ತೊಟ್ಟೆಗಳನ್ನು ಲೆಕ್ಕದಿಂದ ತೆಗೆದೆ. ಉಳಿದವನ್ನು ಅವತ್ತೇ ಮನೆಯ ಪೂರ್ವಕ್ಕೆ ಸಾಗಿಸಿದೆ. ಅಡಿಕೆಗೆ ಬೋರ್ಡೊ ಬಿಡಲು ಆಗುವುದಿಲ್ಲ, ಆದರೆ ನರ್ಸರಿಯನ್ನು ದೂರ ಇಡಲು ಆಗುತ್ತದೆ, ಅಲ್ವಾ.

2023 ಅಕ್ಟೋಬರ್: ಬೇರು ನೋಡಿದ್ದು

ಪ್ರತಿ ಗುಂಪಿನಿಂದ ಮೂರು ಸಸಿ ಬಲಿ ಕೊಟ್ಟೆ. ಬೋಗಿಗೆ ಬಣ್ಣ ಹಾಕುವ ಅಗತ್ಯವಿಲ್ಲ, ಬಿಳಿ ತಟ್ಟೆ ಮತ್ತು ಭೂತಗನ್ನಡಿ ಸಾಕು. ತಾಯಿಮಣ್ಣಿನ ಮೂರಕ್ಕೂ ಮೊಂಡು ತುದಿಗಳು, ಬಿಳಿ ಮತ್ತು ಕಂದು ಎರಡು ಬಣ್ಣದವು. ಅಂದರೆ ಒಂದಕ್ಕಿಂತ ಜಾಸ್ತಿ ಬಗೆಯ ಶಿಲೀಂಧ್ರ ಹಿಡಿದಿದೆ. ಕಲ್ಲಣಬೆ ನೀರಿನ ಮೂರರಲ್ಲಿ ಎರಡಕ್ಕೆ. ಏನೂ ಹಾಕದ್ದಕ್ಕೆ ಒಂದಕ್ಕೂ ಇಲ್ಲ.

ವ್ಯಾಮ್ ಹಾಗಲ್ಲ. ಅದು ಬೇರಿನ ಒಳಗಿರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಶಾಯಿ ಮತ್ತು ವಿನೆಗರ್‌ನಲ್ಲಿ ಬಣ್ಣ ಹಾಕುವ ವಿಧಾನವನ್ನು 1998ರಲ್ಲಿ ಹೋರ್ಸ್ಟ್ ಫಿಯರ್‌ಹೈಲಿಗ್ ಮತ್ತು ಜೊತೆಗಾರರು ಪ್ರಕಟಿಸಿದರು. ಅದಕ್ಕಿಂತ ಮೊದಲು ಬಳಸುತ್ತಿದ್ದ ಬಣ್ಣಗಳು ಮೈಗೆ ಒಳ್ಳೆಯದಲ್ಲ, ಮನೆಯಲ್ಲಿ ಇಡುವಂಥದ್ದೂ ಅಲ್ಲ. ಈ ವಿಧಾನ ಮನೆಯಲ್ಲೂ ಆಗುತ್ತದೆ, ಆದರೆ ಮೊದಲ ಹಂತದಲ್ಲಿ ಹುಷಾರು ಬೇಕು. ಪುನರ್ಪುಳಿಯ ಸಣ್ಣ ಬೇರುಗಳನ್ನು ತೊಳೆದು, ನೂರಕ್ಕೆ 10ರ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ಹಾಕಿ, ಆ ಗಾಜಿನ ಲೋಟವನ್ನು ಬಿಸಿನೀರಿನ ತಪಲೆಯಲ್ಲಿ ಇಟ್ಟು ಕಾಯಿಸಬೇಕು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಅಲ್ಯೂಮಿನಿಯಂ ಪಾತ್ರೆ ಕೂಡದು, ಅದು ಕೊರೆದು ಹೋಗುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ. ಪುನರ್ಪುಳಿ ಬೇರು ಕಪ್ಪು, ಬೆಳ್ಳಗಾಗಲು ಒಂದು ಗಂಟೆ ಬೇಕಾಯಿತು. ಚೆನ್ನಾಗಿ ತೊಳೆದು, ಬಿಳಿ ವಿನೆಗರ್‌ಗೆ ನೂರಕ್ಕೆ 5ರಷ್ಟು ಪೆನ್ ಶಾಯಿ ಸೇರಿಸಿ ಮೂರು ನಿಮಿಷ ಕುದಿಸಿದೆ. ಆಮೇಲೆ ನಾಲ್ಕು ಹನಿ ವಿನೆಗರ್ ಹಾಕಿದ ನೀರಿನಲ್ಲಿ ಅರ್ಧ ಗಂಟೆ.

ಮೊದಲು ಬಳಸಿದ ನೀಲಿ ಶಾಯಿ ಪೂರ್ತಿ ತೊಳೆದುಹೋಯಿತು. ಎಲ್ಲ ಶಾಯಿಯೂ ಹಿಡಿಯುವುದಿಲ್ಲ. ಕಪ್ಪು ಶಾಯಿ ಹಿಡಿಯಿತು. ಗಾಜಿನ ಮೇಲೆ ಬೇರಿಟ್ಟು ಮೇಲೊಂದು ಗಾಜು ಒತ್ತಿ ನೋಡಿದೆ. ತಿಳಿಯಾದ ಬೇರಿನ ಕೋಶಗಳು ಇಟ್ಟಿಗೆ ಗೋಡೆಯ ಹಾಗೆ ಸಾಲಾಗಿದ್ದವು. ನಡುವೆ ನೀಲಿಗಪ್ಪು ಎಳೆಗಳು. ಅಲ್ಲಲ್ಲಿ ಮೊಟ್ಟೆಯಾಕಾರದ ಚೀಲಗಳು, ಶಿಲೀಂಧ್ರ ಎಣ್ಣೆ ಕೂಡಿಡುವ ಜಾಗ. ಒಂದು ಕೋಶದೊಳಗೆ ಎಳೆ ಹೊಕ್ಕು ಕವಲೊಡೆದು ಕವಲೊಡೆದು ಪುಟ್ಟ ಮರದ ಹಾಗೆ ಹರಡಿತ್ತು. ಕೊಡು-ಕೊಳ್ಳುವಿಕೆ ನಡೆಯುವುದು ಅಲ್ಲೇ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಕಲ್ಲಾಗಿ ಉಳಿದ, 40 ಕೋಟಿ ವರ್ಷಕ್ಕೂ ಹಳೆಯ ಗಿಡಗಳ ಒಳಗೆ ಇದೇ ಆಕಾರ ಸಿಕ್ಕಿದೆ. ಆ ಗಿಡಗಳಿಗೆ ಬೇರು ಕೂಡ ಇನ್ನೂ ಸರಿಯಾಗಿ ಬಂದಿರಲಿಲ್ಲ. ನಮ್ಮ ಅಡುಗೆಮನೆಯ ಕಟ್ಟೆಯಲ್ಲಿ ಕೂತು ಅದನ್ನು ನೋಡುವಾಗ ಕಣ್ಣು ತುಂಬಿ ಬಂತು. ಮಗನನ್ನು ಕರೆದು ತೋರಿಸಿದೆ.

2023 ಡಿಸೆಂಬರ್

ಎತ್ತರ ಅಳೆದೆ. ತಾಯಿಮಣ್ಣಿನವು ಸರಾಸರಿ 23 ಸೆಂಟಿಮೀಟರ್, ಕಲ್ಲಣಬೆ ನೀರಿನವು 19, ಏನೂ ಹಾಕದವು 12. ಎಲೆಯ ಬಣ್ಣಕ್ಕೆ ಅಳತೆ ಬೇಕಾಗಲಿಲ್ಲ, ಅಂಗಳದಿಂದಲೇ ಗೊತ್ತಾಗುತ್ತಿತ್ತು.

ಆದರೆ ಏನೂ ಹಾಕದ ಗುಂಪಿನಲ್ಲೂ ಎರಡು ಸಸಿ ಹಸಿರಾಗಿ ಎದ್ದು ನಿಂತಿದ್ದವು. ಬಿಡಿಸಿ ನೋಡಿದರೆ ಮೊಂಡು ತುದಿಗಳು. ನಾನು ಮೂರೂ ಗುಂಪನ್ನು ನೆಲದ ಮೇಲೆ ಪಕ್ಕಪಕ್ಕ ಇಟ್ಟಿದ್ದೆ. ಮಳೆ ಹನಿ ಮಣ್ಣು ಚಿಮ್ಮಿಸಿ ಆಚೆಗೆ ಹಾರಿಸಿದೆ. ಎರಡೂ ಅಂಚಿನ ತೊಟ್ಟೆಗಳೇ. ಮುಂದಿನ ಸಲಕ್ಕೆ ಮೊಣಕಾಲೆತ್ತರದ ಅಟ್ಟಳಿಗೆ ಮಾಡಿಸಿದೆ.

2024: ಹಂದಿ ಅಗೆದದ್ದು

ಜೂನ್ ಮೊದಲ ವಾರ ಗುಡ್ಡೆಗೆ 41 ಬೋಗಿ, 36 ಪುನರ್ಪುಳಿ, 20 ಹೆಬ್ಬಲಸು ನೆಟ್ಟೆ. ಗುಂಡಿಗೆ ಹಟ್ಟಿಗೊಬ್ಬರ ಸ್ವಲ್ಪ, ರಂಜಕದ ಗೊಬ್ಬರ ಇಲ್ಲ. ಪುನರ್ಪುಳಿಗೆ ವ್ಯಾಮ್ ಹೆಪ್ಪು ಮತ್ತೆ ಒಂದು ಹಿಡಿ, ಬೇರಿಗೆ ತಾಗುವ ಹಾಗೆ. ಮೇಲೆ ಉದುರಿಸಿದರೆ ಪ್ರಯೋಜನವಿಲ್ಲ.

ಜುಲೈಯಲ್ಲಿ ಕಾಡುಹಂದಿ ಬಂದು ತಾಯಿಮರದ ಬುಡವನ್ನೆಲ್ಲ ಅಗೆದು ಹಾಕಿದವು. ಮೊದಲು ಸಿಟ್ಟು ಬಂತು. ಆಮೇಲೆ ಅಗೆದ ಮಣ್ಣಿನಲ್ಲಿ ಅರ್ಧ ಕಚ್ಚಿದ ಕಲ್ಲಣಬೆ ಕಂಡಿತು. ಮಣ್ಣೊಳಗೆ ಹುಟ್ಟುವ ಅಣಬೆಗಳಿಗೆ ಗಾಳಿ ಸಿಗುವುದಿಲ್ಲ, ಪ್ರಾಣಿ ತಿಂದು ಬೇರೆ ಕಡೆ ಹಾಕಬೇಕು. ಅಮೆರಿಕದ ವಾಯವ್ಯ ಕಾಡುಗಳಲ್ಲಿ ಹಾರುವ ಅಳಿಲು ಈ ಕೆಲಸ ಮಾಡುತ್ತದೆ, ಆಸ್ಟ್ರೇಲಿಯದಲ್ಲಿ ಪೊಟೊರೂ ಎಂಬ, ಹೊಟ್ಟೆಯಲ್ಲಿ ಚೀಲವಿರುವ ಸಣ್ಣ ಪ್ರಾಣಿ. ಅರ್ಜೆಂಟೀನಾದ ವಿಕ್ಟೋರಿಯಾ ದ್ವೀಪದಲ್ಲಿ ಹೊರಗಿನಿಂದ ತಂದ ಕಾಡುಹಂದಿ ಮತ್ತು ಜಿಂಕೆಗಳ ಹಿಕ್ಕೆಯಲ್ಲಿ ಪೈನ್‌ನ ಶಿಲೀಂಧ್ರ ಬದುಕಿರುತ್ತದೆ, ಸಸಿಗೆ ಹಿಡಿಯುತ್ತದೆ ಅಂತ 2013ರಲ್ಲಿ ತೋರಿಸಿದ್ದಾರೆ. ಅಲ್ಲಿ ಅದು ಕಷ್ಟದ ಸಂಗತಿ, ಯಾಕೆಂದರೆ ಆ ಪೈನೇ ಹೊರಗಿನದು, ಅದು ಕಾಡಿಗೆ ನುಗ್ಗುತ್ತಿದೆ. ನಮ್ಮಲ್ಲಿ ಹಂದಿಯೂ ಇಲ್ಲಿನದೇ, ಬೋಗಿಯೂ ಇಲ್ಲಿನದೇ.

ಆ ಹಂದಿಗಳ ಒಣ ಹಿಕ್ಕೆ ತಂದು ನೀರಿನಲ್ಲಿ ಕದಡಿ, ಅಟ್ಟಳಿಗೆಯ ಮೇಲಿನ ಆರು ಹೊಸ ಸಸಿಗಳಿಗೆ ಹಾಕಿದೆ. ಪಕ್ಕದಲ್ಲಿ ಆರಕ್ಕೆ ಅದೇ ಹಿಕ್ಕೆಯನ್ನು ಕುದಿಸಿ ಆರಿಸಿ ಹಾಕಿದೆ. ಡಿಸೆಂಬರ್‌ನಲ್ಲಿ ಬೇರು ನೋಡಿದಾಗ ಕುದಿಸದ ಆರರಲ್ಲಿ ಎರಡಕ್ಕೆ ಬಿಳಿ ತುದಿ, ಕುದಿಸಿದ್ದರಲ್ಲಿ ಒಂದಕ್ಕೂ ಇಲ್ಲ. ಆರು ಸಸಿ ತೀರಾ ಕಡಿಮೆ. ಈ ಸಲ 25ರಲ್ಲಿ ಮಾಡಬೇಕು.

ನೋಡಲು ಬಂದವರು ಕೇಳುವುದು ಒಂದೇ: ಮರಗಳು ಬೇರಿನ ಶಿಲೀಂಧ್ರದ ಎಳೆಗಳಲ್ಲಿ ಮಾತಾಡುತ್ತವಂತೆ, ತಾಯಿಮರ ಮಕ್ಕಳಿಗೆ ಊಟ ಕಳಿಸುತ್ತದಂತೆ, ಹೌದಾ? 1997ರಲ್ಲಿ ಕೆನಡಾದ ಸುಝಾನ್ ಸಿಮಾರ್ಡ್ ಮತ್ತು ಜೊತೆಯವರು ಬರ್ಚ್ ಮತ್ತು ಡಗ್ಲಸ್ ಫರ್ ಸಸಿಗಳ ನಡುವೆ ಇಂಗಾಲ ಸಾಗುವುದನ್ನು ಕಾಡಿನಲ್ಲೇ ಅಳೆದು ತೋರಿಸಿದರು. ಅಲ್ಲಿಂದ ಮಾತು ತುಂಬಾ ದೂರ ಬೆಳೆಯಿತು. 2023ರಲ್ಲಿ ಜಸ್ಟೀನ್ ಕಾರ್ಸ್ಟ್, ಮೆಲನಿ ಜೋನ್ಸ್, ಜೇಸನ್ ಹೂಕ್ಸೆಮ ಮೂವರು ಕಾಡಿನಲ್ಲಿ ನಡೆದ ಪ್ರಯೋಗಗಳನ್ನು ಮತ್ತೆ ಓದಿ, ಆ ಮಾತುಗಳಿಗೆ ಸಿಕ್ಕ ಆಧಾರ ತೆಳು ಎಂದು ಬರೆದರು. ಮೆಲನಿ ಜೋನ್ಸ್ 1997ರ ಆ ಲೇಖನದಲ್ಲೂ ಇದ್ದವರು. ಅದಕ್ಕೇ ಅವರ ಮಾತಿಗೆ ನಾನು ತೂಕ ಕೊಡುತ್ತೇನೆ. ಬಂದವರಿಗೆ ನಾನು ತಟ್ಟೆಯಲ್ಲಿ ನೀರು ಹಾಕಿ ಎರಡು ಬೇರು ಇಟ್ಟು ತೋರಿಸುತ್ತೇನೆ, ಒಂದು ನುಣುಪು, ಒಂದು ಮೊಂಡು. ನೋಡುತ್ತಾ ಕೂತುಬಿಡುತ್ತಾರೆ.

2025 ಮೇ

ಗುಡ್ಡೆಯಲ್ಲಿ ನೆಟ್ಟ 41 ಬೋಗಿಗಳಲ್ಲಿ 33 ಬೇಸಿಗೆ ದಾಟಿವೆ. ಸತ್ತ ಎಂಟರಲ್ಲಿ ಐದು ಬಂಡೆಯ ಮೇಲಿನ ತೆಳು ಮಣ್ಣಿನವು. ಪುನರ್ಪುಳಿ 36ಕ್ಕೆ 31. ಮಡಕೆಗಳಲ್ಲಿ ಎರಡನೇ ಸುತ್ತಿನ ರಾಗಿ ಒಣಗುತ್ತಿದೆ, ಮುಂದಿನ ಸೋಮವಾರ ತಲೆ ಕೊಯ್ಯಬೇಕು. ನಿನ್ನೆ ಸಂಜೆ ಗುಡುಗಿತು. ಇವತ್ತು ಬೆಳಿಗ್ಗೆ ದೊಡ್ಡಮ್ಮ ಬುಟ್ಟಿ ಹಿಡಿದು ಬಂದು ಬಾಗಿಲಲ್ಲಿ ನಿಂತು ಕೇಳಿದರು: “ಈ ಸಲ ನಿಂಗೆ ಕಪ್ಪಾದ್ದು ಎಷ್ಟು ಬೇಕು, ಹೇಳು. ಅಷ್ಟು ಹೆಕ್ಕದೆ ಅಲ್ಲೇ ಬಿಟ್ಟು ಬರ್ತೇನೆ.”